ಕಾಲೇಜಿನ ಹೆಣ್ಣುಮಕ್ಕಳ ಅರ್ಜಿಗಳು

(ಒಬ್ಬ ಹಳೇ ವಿದ್ಯಾರ್ಥಿನಿಯ ಅಭಿಪ್ರಾಯ)

ಕಾಲೇಜುಗಳಲ್ಲಿ ಓದುವ ಹೆಣ್ಣುಮಕ್ಕಳು ತಂತಮ್ಮ ವಿದ್ಯಾಲಯದ ದಿನಚರಿಯಲ್ಲಿ ಇಂತಿಂಥ ಮಾರ್ಪಾಡುಗಳಾಗಬೇಕೆಂದು ಮೇಲಿನವರಿಗೆ ಬರೆದು ಅರಿಕೆಮಾಡಿಕೊಳ್ಳುವ ವಾಡಿಕೆಯು ಈ ಹತ್ತು ಹನ್ನೆರಡು ವರ್ಷಗಳಿಂದ ನಮ್ಮ ದೇಶದಲ್ಲಿ ಹೆಚ್ಚುತ್ತ ಬಂದಿರುವುದನ್ನು ವಾಚಕರು ಬಲ್ಲರು. ಅವರು ಬೇಡುವುದಾದರೂ ಏನನ್ನು? ಪುಸ್ತಕಾಲಯವು ರಾತ್ರಿ ಇನ್ನೊಂದು ಗಂಟೆ ತೆರೆದಿರಲಿ, ವಿದ್ಯಾರ್ಥಿನಿಲಯದ ಬಾಗಿಲನ್ನು ಹೊತ್ತು ಮುಳುಗುತ್ತಲೇ ಹಾಕದಿರಲಿ, ಹಾದಿಯಲ್ಲಿ ದೀಪವಿರಲಿ, ಸ್ನಾನದ ಮನೆಯಲ್ಲಿ ನೀರಿರಲಿ, ಸಾರಿನಲ್ಲಿ ಬೇಳೆಯಿರಲಿ. ಇವುಗಳಲ್ಲಿ ರಾಜ್ಯಕೋಶವನ್ನು ಬರಿದುಮಾಡತಕ್ಕದ್ದು ಯಾವುದೂ ಇಲ್ಲ. ಆದಾಗ್ಯೂ ಇಂಥ ಅರ್ಜಿಯೊಂದು ಬಂದಿತೆಂಬ ವಾರ್ತೆಯನ್ನು ಕೇಳಿದ ಕೂಡಲೇ ನಮ್ಮಲ್ಲಿ ಅನೇಕ ಹಿರಿಯರು, ‘ನಮ್ಮ ಕಾಲದಲ್ಲಿ ನಾವು ಹೀಗೆ ಬಾಯಿ ತೆರೆದದ್ದುಂಟೇ? ಇದಕ್ಕೇ ಇವರನ್ನು ಓದಲು ಕಳುಹಿಸಿದೆವೇ?’ ಎಂದು ಹುಬ್ಬುಗಂಟಿಕ್ಕುತ್ತಾರೆ. ಇದಕ್ಕಾಗಿಯೇ ಕಳುಹಿಸಿದೆವು ಎಂಬುದೇ ನನ್ನ ಉತ್ತರ. ಅದನ್ನು ಈ ಸಂಚಿಕೆಯ ಮೂಲಕ ಹಳೇ ವಿದ್ಯಾರ್ಥಿನಿಯರಾದ ಸಹೋದರಿಯರಿಗೂ ಪೋಷಕ ಮಹಾಶಯರಿಗೂ ಬಿನ್ನವಿಸಿಕೊಳ್ಳುತ್ತೇನೆ. ನಾನು ಬಹುಕಾಲ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯವೊಂದರ ಮೇಲ್ವಿಚಾರಣೆಯನ್ನು ನೋಡಿಕೊಂಡವಳಾದ್ದರಿಂದ ಅರ್ಜಿ ಕೊಡುವವರ ಕಷ್ಟವನ್ನೂ ಅದನ್ನು ಕೈಯಲ್ಲಿ ಹಿಡಿದು ಕುಳಿತುಕೊಳ್ಳುವವರ ಕಷ್ಟವನ್ನೂ ತಕ್ಕಮಟ್ಟಿಗೆ ಅರಿತಿದ್ದೇನೆ.

ನಮ್ಮಂಥ ಪ್ರೌಢಶಾಲೆಗಳಲ್ಲಿ ಚರ್ಚಾಸಭೆಯೆಂಬುದು ಇದ್ದೇ ಇರುತ್ತದೆ. ಹದಿನಾಲ್ಕು ವರ್ಷದ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ‘ಅಧ್ಯಕ್ಷರೇ, ನಾನು ಸೂಚಿಸುವುದೇನೆಂದರೆ’ ಎಂದು ಪ್ರಾರಂಭಿಸುವುದನ್ನು ಕಲಿಸುತ್ತೇವೆ. ಸೂಚನೆಗೆ ಅನುಮೋದನೆ ಬೇಕು, ಎದುರು ಪಕ್ಷದವರ ಮಾತನ್ನು ನಡುವೆ ತಡೆಯಕೂಡದು, ಬಹುಮತಕ್ಕೆ ತಲೆಬಾಗಬೇಕು, ನಡೆದುದನ್ನು ನಡಾವಳಿಯ ಪುಸ್ತಕದಲ್ಲಿ ಬರೆದಿಡಬೇಕು ಎಂದು ಹೇಳಿಕೊಡುತ್ತೇವೆ. ವಾರ್ಷಿಕೋತ್ಸವದ ದಿನ ಆ ಹುಡುಗಿಗೆ ಬಹುಮಾನವನ್ನೂ ಕೊಡುತ್ತೇವೆ. ಐದು ವರ್ಷದ ತರುವಾಯ ಅವಳೇ, ಅದೇ ರೀತಿಯಲ್ಲಿ, ಆದರೆ ಆಟಕ್ಕಲ್ಲದೆ ನಿಜವಾಗಿ, ‘ನಾನು ಸೂಚಿಸುವುದೇನೆಂದರೆ’ ಎಂದು ಎದ್ದು ನಿಂತಾಗ ಬೆಚ್ಚಿಬೀಳುವುದು ನ್ಯಾಯವೇ? ಬಿತ್ತಿದವರೇ ಮೊಳಕೆಯನ್ನು ಕಂಡು ಗಾಬರಿಗೊಂಡಂತಾಯಿತು.

ಎಲ್ಲಕ್ಕಿಂತ ಹೆಚ್ಚು ವಾದಕ್ಕೆ ಕಾರಣವಾಗಿರುವುದು ಬಾಗಿಲು ಹಾಕುವ ವೇಳೆ. 2015ರ ಆಗಸ್ಟ್ ತಿಂಗಳಲ್ಲಿ ದಿಲ್ಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾ ವಿಶ್ವವಿದ್ಯಾನಿಲಯವು, ನಿಲಯದ ಹೆಣ್ಣುಮಕ್ಕಳಿಗೆ ರಾತ್ರಿ ತಡವಾಗಿ ಬರಲು ಆಗೊಮ್ಮೆ ಈಗೊಮ್ಮೆ ಕೊಡುತ್ತಿದ್ದ ಅನುಮತಿಯನ್ನೂ ತೆಗೆದುಹಾಕಿತು. ಅದರಿಂದ ಎದ್ದ ಅಸಮಾಧಾನವು ದಿಲ್ಲಿಯ ಇತರ ಕಾಲೇಜುಗಳಿಗೂ ಹಬ್ಬಿ, ‘ಪಿಂಜ್ರಾ ತೋಡ್’, ಎಂದರೆ ‘ಪಂಜರವನ್ನು ಮುರಿ’, ಎಂಬ ಹೆಸರಿನ ಕೂಟವೊಂದು ಹುಟ್ಟಿಕೊಂಡಿತು. ಹೆಸರು ಕೊಂಚ ಕಟುವಾಯಿತೆಂದು ನನ್ನಂಥ ಹಳಬರಿಗೆ ತೋರಬಹುದು. ಒಳಗೆ ಇರುವವರಿಗೆ ಸವಿಯಾದ ಹೆಸರನ್ನು ಹುಡುಕಲು ಪುರಸತ್ತೆಲ್ಲಿ? ಅವರು ಕೇಳಿದುದರ ಸಾರವು ಇಷ್ಟೇ: ಗಂಡುಮಕ್ಕಳಿಗೆ ಇಲ್ಲದ ಕಟ್ಟು ನಮಗೆ ಮಾತ್ರ ಯಾತಕ್ಕೆ?

ಈ ಪ್ರಶ್ನೆಗೆ ಹಿರಿಯರಲ್ಲಿ ಸಿದ್ಧವಾದ ಉತ್ತರವೊಂದಿದೆ: ‘ಕಾಲ ಕೆಟ್ಟಿದೆ, ನಿಮ್ಮ ಕ್ಷೇಮಕ್ಕಾಗಿಯೇ.’ ಮಗಳನ್ನು ದೂರದ ಊರಿಗೆ ಕಳುಹಿಸಿ, ರಾತ್ರಿ ಫೋನು ಬರುವವರೆಗೆ ಊಟ ಸೇರದೆ ಕುಳಿತಿರುವ ತಾಯಿಯ ಭಯವನ್ನು ನಾನು ಹಗುರವಾಗಿ ಎಣಿಸುವವಳಲ್ಲ. ಆದರೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೇ ಈ ವಿಚಾರದಲ್ಲಿ ಮಾತಾಡಿಬಿಟ್ಟಿದೆಯೆಂಬುದನ್ನು ಪೋಷಕರು ತಿಳಿದಿರಬೇಕು. 2013ರಲ್ಲಿ ಅದು ಹೊರಡಿಸಿದ ‘ಸಕ್ಷಮ’ ಎಂಬ ವರದಿಯಲ್ಲಿಯೂ, 2016ರಲ್ಲಿ ಪ್ರಕಟವಾದ ನಿಯಮಾವಳಿಯಲ್ಲಿಯೂ, ಕ್ಷೇಮದ ನೆವವನ್ನು ಹೇಳಿ ಹೆಣ್ಣುಮಕ್ಕಳ ನಿಲಯಗಳಿಗೆ ಗಂಡುಮಕ್ಕಳಿಗಿಲ್ಲದ ಭೇದದ ಕಟ್ಟಳೆಗಳನ್ನು ವಿಧಿಸಕೂಡದೆಂದು ತಿಳಿಸಿದೆ. ಆದುದರಿಂದ ಹುಡುಗಿಯರು ಕೇಳಿದುದು ಹೊಸ ವರವಲ್ಲ. ಕಾಗದದ ಮೇಲೆ ಆಗಲೇ ಇದ್ದುದನ್ನು ಬಾಗಿಲಿಗೆ ತರಬೇಕೆಂದು ಕೇಳಿದರು.

ಕೇರಳದಲ್ಲಿ ಈ ವ್ಯಾಜ್ಯಗಳು ನ್ಯಾಯಾಸ್ಥಾನದವರೆಗೆ ಹೋದವು. ತ್ರಿಶೂರಿನ ಕಾಲೇಜೊಂದರ ಹೆಣ್ಣುಮಕ್ಕಳ ನಿಲಯದಲ್ಲಿ ಸಿನಿಮಾದ ಮೊದಲನೆಯ ಮತ್ತು ಎರಡನೆಯ ಆಟಗಳಿಗೆ ಹೋಗಕೂಡದೆಂಬ ಕಟ್ಟಳೆಯಿತ್ತು. ಗಂಡುಮಕ್ಕಳ ನಿಲಯದಲ್ಲಿ ಅಂಥದೇನೂ ಇರಲಿಲ್ಲ. 2019ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಅದನ್ನು ತೆಗೆದುಹಾಕಿ, ಹುಡುಗನಿಗಿರುವ ಸ್ವಾತಂತ್ರ್ಯವು ಹುಡುಗಿಗೂ ಉಂಟೆಂದು ತೀರ್ಮಾನವಿತ್ತಿತು. 2022ರಲ್ಲಿ ಕೋಳಿಕೋಡಿನ ಸರಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು, ಹೆಣ್ಣುಮಕ್ಕಳ ನಿಲಯಕ್ಕೆ ಮಾತ್ರ ರಾತ್ರಿ ಒಂಬತ್ತೂವರೆಗೆ ಬೀಗ ಬೀಳುವುದನ್ನು ಪ್ರಶ್ನಿಸಿದರು. ನಾಳೆ ನಡುರಾತ್ರಿಯಲ್ಲಿ ಎದ್ದು ಹೋಗಿ ಹೆರಿಗೆ ಮಾಡಿಸಬೇಕಾದ ಹುಡುಗಿಯರು ಇವರು. ತೊಂದರೆ ಕೊಡುವವರನ್ನು ಬಿಟ್ಟು ಹೆಣ್ಣುಮಕ್ಕಳನ್ನೇ ಏಕೆ ಕೂಡಿಹಾಕಬೇಕೆಂದು ನ್ಯಾಯಾಧೀಶರು ಸರಕಾರವನ್ನು ಕೇಳಿದರು. ಅದೇ ಡಿಸೆಂಬರಿನಲ್ಲಿ ಸರಕಾರವು ಹೊಸ ಆಜ್ಞೆಯನ್ನು ಹೊರಡಿಸಿ ಹುಡುಗರ ನಿಲಯಕ್ಕೂ ಹುಡುಗಿಯರ ನಿಲಯಕ್ಕೂ ಒಂದೇ ವೇಳೆಯನ್ನು ಗೊತ್ತುಮಾಡಿತು. ಹುಡುಗಿಯರ ಬಾಗಿಲನ್ನು ತೆರೆಯುವುದಕ್ಕೆ ಬದಲಾಗಿ ಹುಡುಗರ ಬಾಗಿಲನ್ನೂ ಹಾಕಿದರೆಂದು ಕೆಲವರು ನಕ್ಕರು. ನಗಲಿ, ಒಂಬತ್ತೂವರೆಯ ಕಟ್ಟಳೆಯು ನಿಜವಾಗಿಯೂ ಕ್ಷೇಮಕರವಾದುದಾದರೆ ಅದರ ಲಾಭವನ್ನು ಗಂಡುಮಕ್ಕಳಿಗೆ ಮಾತ್ರ ಯಾಕೆ ತಪ್ಪಿಸಬೇಕು?

ಮೊಬೈಲಿನ ವಿಷಯವೂ ಇದರ ಸಂಗಡವೇ ಬರುತ್ತದೆ. ಕೋಳಿಕೋಡು ಪ್ರಾಂತದ ಮತ್ತೊಂದು ಕಾಲೇಜಿನ ಹೆಣ್ಣುಮಕ್ಕಳ ನಿಲಯದಲ್ಲಿ ಮೊದಲು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೊಬೈಲನ್ನು ಮುಟ್ಟಕೂಡದೆಂದಿತ್ತು. ಬಳಿಕ ಅದನ್ನು ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಎಂದು ಬದಲಾಯಿಸಿದರು. ಎಂದರೆ ಸರಿಯಾಗಿ ಓದುವ ಹೊತ್ತಿಗೇ. ಇದನ್ನು ಒಪ್ಪದ ವಿದ್ಯಾರ್ಥಿನಿಯೊಬ್ಬಳು ನಿಲಯವನ್ನೇ ಬಿಡಬೇಕಾಯಿತು. ಅವಳು ನ್ಯಾಯಾಲಯಕ್ಕೆ ಹೋದಳು. 2019ರ ಸೆಪ್ಟೆಂಬರಿನಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಅವಳನ್ನು ಮರಳಿ ಸೇರಿಸಿಕೊಳ್ಳಬೇಕೆಂದೂ, ಅಂತರಜಾಲವನ್ನು ಬಳಸುವ ಹಕ್ಕು ವಿದ್ಯೆಯ ಹಕ್ಕಿನ ಒಂದು ಭಾಗವೆಂದೂ ತೀರ್ಪಿತ್ತಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಮಹಾವ್ಯಾಧಿಯ ಕಾರಣದಿಂದ ದೇಶದ ಎಲ್ಲಾ ಶಾಲೆ ಕಾಲೇಜುಗಳ ಬಾಗಿಲು ಮುಚ್ಚಿ, ಪಾಠವೆಲ್ಲವೂ ಆ ಮೊಬೈಲಿನೊಳಗೇ ನಡೆಯಬೇಕಾಗಿ ಬಂದದ್ದು ನಮಗೆಲ್ಲ ನೆನಪಿದೆ. ಅವಳು ಮುಂಗಂಡು ಕೇಳಿದಳೆಂದು ನಾನು ಹೇಳುವುದಿಲ್ಲ; ತನ್ನ ಪುಸ್ತಕ ಎಲ್ಲಿದೆಯೋ ಅದನ್ನು ಕೇಳಿದಳು. ನೂರೈವತ್ತು ವರ್ಷಗಳ ಹಿಂದೆ ಹೆಣ್ಣುಮಕ್ಕಳಿಗೆ ಓದು ಕಲಿಸಿದರೂ ಬರೆಹ ಕಲಿಸಬಾರದು, ಕಲಿಸಿದರೆ ಪರಪುರುಷರಿಗೆ ಕಾಗದ ಬರೆದಾರು ಎಂಬ ಭಯವು ನಮ್ಮ ದೇಶದ ಎಷ್ಟೋ ಮನೆಗಳಲ್ಲಿತ್ತು. ಆ ಭಯವನ್ನು ಮೀರಿ ಮಕ್ಕಳನ್ನು ಕಳುಹಿಸಿದ ಮನೆಗಳಿಂದಲೇ 1881ರಲ್ಲಿ ಮೈಸೂರಿನ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆಯೂ, 1921ರಲ್ಲಿ ಮಂಗಳೂರಿನ ಸೈಂಟ್ ಆಗ್ನೆಸ್ ಕಾಲೇಜೂ ನಿಲ್ಲಲು ಸಾಧ್ಯವಾಯಿತು. ಮೊಬೈಲಿನಲ್ಲಿ ಕೆಟ್ಟದ್ದು ಇಲ್ಲವೆಂದಲ್ಲ; ಲೇಖನಿಯಿಂದಲೂ ಕೆಟ್ಟದ್ದನ್ನು ಬರೆಯಬಹುದಾಗಿತ್ತು.

ಇನ್ನು ನನಗೆ ಬಹಳ ಮೆಚ್ಚಿಗೆಯಾದ ಒಂದು ಅರ್ಜಿಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ತಾಯಂದಿರು ಇದನ್ನು ಮನಸ್ಸಿಟ್ಟು ಓದಬೇಕೆಂದು ಪ್ರಾರ್ಥನೆ. ತಂದೆಯಂದಿರು ಪುಟವನ್ನು ಮಗುಚಬೇಕಾಗಿಲ್ಲ. ಕಾಲೇಜುಗಳಲ್ಲಿ ಪರೀಕ್ಷೆಗೆ ಕುಳಿತುಕೊಳ್ಳಲು ನೂರಕ್ಕೆ 75ರಷ್ಟು ಹಾಜರಿ ಬೇಕಷ್ಟೆ. ತಿಂಗಳ ಆ ದಿನಗಳಲ್ಲಿ ಹೊಟ್ಟೆನೋವಿನಿಂದ ಏಳಲಾರದೆ ಮಲಗುವ ಹುಡುಗಿಯರಿಗೆ ಈ ಲೆಕ್ಕದಲ್ಲಿ ಕೊರತೆ ಬೀಳುವುದುಂಟು. ಕೊರತೆ ಬಿದ್ದವರು ವೈದ್ಯರ ಸರ್ಟಿಫಿಕೇಟನ್ನು ತರಬೇಕು. ಎಂದರೆ ನೋವನ್ನು ಸಹಿಸಿದ ಮೇಲೆ, ಅದನ್ನು ಕಚೇರಿಯ ಕಿಟಕಿಯ ಮುಂದೆ ನಿಂತು ಗುಮಾಸ್ತರಿಗೆ ರುಜುವಾತುಪಡಿಸಬೇಕು. ಎಷ್ಟೋ ಮಂದಿ ಹುಡುಗಿಯರು ಅದಕ್ಕೆ ನಾಚಿ, ಮಾತ್ರೆಯನ್ನು ನುಂಗಿ, ಬೆಂಚಿನ ಮೇಲೆ ತಲೆಯಿಟ್ಟು ಕುಳಿತಿರುವುದನ್ನು ಉಪಾಧ್ಯಾಯಿನಿಯರೆಲ್ಲರೂ ಕಂಡಿದ್ದೇವೆ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಸಂಘದವರು ಇದನ್ನು ಕುರಿತು ಮನವಿ ಮಾಡಿಕೊಂಡರು. 2023ರ ಜನವರಿಯಲ್ಲಿ ಆ ವಿಶ್ವವಿದ್ಯಾನಿಲಯವು ಪ್ರತಿ ಅರ್ಧವರ್ಷಕ್ಕೆ ಹೆಣ್ಣುಮಕ್ಕಳಿಗೆ ನೂರಕ್ಕೆ 2ರಷ್ಟು ಹಾಜರಿಯ ವಿನಾಯಿತಿಯನ್ನು ಕೊಟ್ಟಿತು. ಆ ತಿಂಗಳು ಮುಗಿಯುವುದರೊಳಗೆ ಕೇರಳ ಸರಕಾರವು ಅದನ್ನು ತನ್ನ ಉಚ್ಚ ಶಿಕ್ಷಣ ಇಲಾಖೆಗೆ ಸೇರಿದ ಇತರ ವಿಶ್ವವಿದ್ಯಾನಿಲಯಗಳಿಗೂ ವಿಸ್ತರಿಸಿತು. ಎಂದರೆ ಹುಡುಗಿಗೆ 73ರಷ್ಟು ಹಾಜರಿಯಿದ್ದರೆ ಸಾಕು.

ಈ ಎರಡೆಂಬ ಅಂಕೆಯನ್ನು ಕಂಡು ‘ಇಷ್ಟಕ್ಕೆ ಇಷ್ಟು ಗದ್ದಲವೇ’ ಎಂದು ಕೇಳಿದವರುಂಟು. ಸುಮಾರು 90 ದಿನಗಳ ಪಾಠವಿರುವ ಅರ್ಧವರ್ಷದಲ್ಲಿ ನೂರಕ್ಕೆ 2 ಎಂದರೆ ಪೂರಾ ಎರಡು ದಿನವೂ ಆಗುವುದಿಲ್ಲ, ನಿಜ. ಆದರೆ ಈ ಅರ್ಜಿಯ ಜಾಣತನವೆಲ್ಲವೂ ಅದರ ಸಣ್ಣತನದಲ್ಲಿಯೇ ಇದೆ. ಯಾರಿಗೂ ಅಂಕಗಳನ್ನು ಹೆಚ್ಚಿಗೆ ಕೊಡಿರೆಂದು ಕೇಳಲಿಲ್ಲ, ಪಾಠವನ್ನು ಕಡಿಮೆ ಮಾಡಿರೆಂದು ಕೇಳಲಿಲ್ಲ. ಇದಕ್ಕೆ ವೈದ್ಯರ ಸರ್ಟಿಫಿಕೇಟು ಬೇಡ, ಒಂದು ಅರ್ಜಿಯ ಕಾಗದ ಸಾಕು. ಯಾವ ದಿನ, ಎಷ್ಟು ನೋವು ಎಂದು ಯಾರೂ ಕೇಳುವಂತಿಲ್ಲ. ಹೆಣ್ಣುಮಕ್ಕಳು ಇದನ್ನು ದುರುಪಯೋಗಪಡಿಸಿಕೊಂಡಾರೆಂದು ಹೇಳುವವರಿಗೆ ನನ್ನ ಉತ್ತರವಿದು: ಒಂದೂಮುಕ್ಕಾಲು ದಿನದ ದುರುಪಯೋಗದಿಂದ ಯಾವ ವಿಶ್ವವಿದ್ಯಾನಿಲಯವೂ ಮುಳುಗಲಾರದು, ಆ ಒಂದೂಮುಕ್ಕಾಲು ದಿನದ ಕೊರತೆಯಿಂದ ವರ್ಷವೊಂದು ವ್ಯರ್ಥವಾದ ಹುಡುಗಿಯ ಮನೆಯಲ್ಲಿ ಅವಳ ಓದನ್ನೇ ನಿಲ್ಲಿಸಿ ಮದುವೆಯ ಮಾತನ್ನು ತೆಗೆಯುವುದು ಮಾತ್ರ ಸುಲಭ.

ಅರ್ಜಿಗಳೆಲ್ಲವೂ ಸರಿಯಾದವುಗಳೆಂದು ನನ್ನ ಅಭಿಪ್ರಾಯವಲ್ಲ. ಊಟದ ವಿಷಯದ ಅರ್ಜಿಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಉತ್ತರ ಕರ್ನಾಟಕದವರಿಗೆ ರೊಟ್ಟಿ ಬೇಕು, ಹಳೇ ಮೈಸೂರಿನವರಿಗೆ ಮುದ್ದೆ ಬೇಕು, ಕರಾವಳಿಯವರಿಗೆ ಕುಚ್ಚಲಕ್ಕಿಯ ಅನ್ನವಿಲ್ಲದೆ ನಿದ್ದೆ ಬಾರದು. ಉಪ್ಪಿಟ್ಟನ್ನು ಮಾತ್ರ ಯಾರೂ ಬೇಡುವುದಿಲ್ಲ, ಆದರೂ ಅದು ವಾರಕ್ಕೆ ಮೂರು ದಿನ ಬಂದೇ ಬರುತ್ತದೆ. ಇದಕ್ಕೆ ಯಾವ ನ್ಯಾಯಾಲಯವೂ ಪರಿಹಾರ ಹೇಳಲಾರದು.

ಆದರೆ ಹುಡುಗಿಯರ ಅರ್ಜಿಗಳಲ್ಲಿ ನಾನು ಪದೇ ಪದೇ ಕಂಡ ಕೊರತೆ ಒಂದಿದೆ. ಅರ್ಜಿಯಲ್ಲಿ ಅವರು ಇರುತ್ತಾರೆ, ಪ್ರಿನ್ಸಿಪಾಲರು ಇರುತ್ತಾರೆ, ತಂದೆತಾಯಿಗಳೂ ಇರುತ್ತಾರೆ. ಅಡಿಗೆಯಾಕೆಯೂ ಕಾವಲಿನಾಕೆಯೂ ಕಸ ಗುಡಿಸುವಾಕೆಯೂ ಇರುವುದಿಲ್ಲ. ಬಾಗಿಲು ಎರಡು ಗಂಟೆ ಹೆಚ್ಚಿಗೆ ತೆರೆದಿರಬೇಕಾದರೆ ಬಾಗಿಲಲ್ಲಿ ಒಬ್ಬಾಕೆ ಎರಡು ಗಂಟೆ ಹೆಚ್ಚಿಗೆ ಕುಳಿತಿರಬೇಕು. ಆಕೆಗೂ ಮನೆಯಿದೆ, ಮಕ್ಕಳಿದ್ದಾರೆ, ಆಕೆಯೂ ಅದೇ ಕತ್ತಲೆಯ ಹಾದಿಯಲ್ಲಿ ನಡೆದು ಹೋಗಬೇಕು. ನಾನು ಮೇಲ್ವಿಚಾರಣೆಯಲ್ಲಿದ್ದ ನಿಲಯದಲ್ಲಿ ಸಂಜೆ ಆರೂವರೆಯ ಬಾಗಿಲನ್ನು ಎಂಟೂವರೆಗೆ ಹಾಕಬೇಕೆಂದು ಅರ್ಜಿ ಬಂದಾಗ, ‘ಇದರ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ಇನ್ನೊಂದು ಹಾಳೆಯಲ್ಲಿ ಬರೆದು ತನ್ನಿರಿ’ ಎಂದು ಹೇಳಿ ಕಳುಹಿಸಿದೆನು. ಅವರು ಮುಖ ಸಣ್ಣದು ಮಾಡಿಕೊಂಡು ಹೋದರು. ಅರ್ಜಿ ಅಲ್ಲಿಗೇ ಮುಗಿಯಿತೆಂದು ನನ್ನ ಸಹೋದ್ಯೋಗಿಗಳು ಎಣಿಸಿದರು. ನಾಲ್ಕು ದಿನದ ಮೇಲೆ ಹುಡುಗಿಯರು ಎರಡು ಹಾಳೆಗಳನ್ನು ತುಂಬ ಬರೆದು ತಂದರು. ಅಡಿಗೆಯಾಕೆಯ ಊರಿಗೆ ಕಡೆಯ ಬಸ್ಸು ಎಂಟು ಗಂಟೆಗೆ ಹೊರಡುತ್ತದೆಂಬುದು ಅವರಿಗೆ ಅದುವರೆಗೆ ತಿಳಿದೇ ಇರಲಿಲ್ಲವಂತೆ. ಅಷ್ಟೇನು, ನನಗೂ ಯಾರೂ ಹೇಳಿರಲಿಲ್ಲ. ತಡವಾಗಿ ಬರುವವರ ಊಟವನ್ನು ಮುಚ್ಚಿಡಲಿ, ತಾವೇ ಬಡಿಸಿಕೊಂಡು ಪಾತ್ರೆಯನ್ನು ತೊಳೆದಿಡುತ್ತೇವೆಂದು ಬರೆದಿದ್ದರು. ಕಾವಲಿನಾಕೆಗೆ ಹೆಚ್ಚಿನ ಎರಡು ಗಂಟೆಗಳಿಗೆ ಕೂಲಿ ಸಲ್ಲಬೇಕೆಂದೂ, ಅದಕ್ಕಾಗಿ ಒಬ್ಬೊಬ್ಬರಿಗೆ ತಿಂಗಳಿಗೆ ಎಷ್ಟು ಬೀಳುತ್ತದೆಂದೂ ಲೆಕ್ಕ ಹಾಕಿದ್ದರು. ಆ ಲೆಕ್ಕದಲ್ಲಿ ನಾನು ಒಂದು ಕಾಸಿನ ತಪ್ಪನ್ನೂ ಕಾಣಲಿಲ್ಲ. ಆಡಳಿತ ಮಂಡಳಿಯವರು ಎಂಟು ಗಂಟೆಗೆ ಒಪ್ಪಿದರು. ಎಂಟೂವರೆಗೇಕೆ ಒಪ್ಪಲಿಲ್ಲವೆಂಬುದಕ್ಕೆ ಕಾರಣವನ್ನು ಅವರು ತಿಳಿಸಲಿಲ್ಲ. ಕೇಳಿದುದನ್ನು ಪೂರಾ ಕೊಟ್ಟರೆ ಮಕ್ಕಳು ಕೆಡುತ್ತಾರೆಂಬ ಹಳೆಯ ನಂಬಿಕೆಯೇ ಇದ್ದಿರಬೇಕು.

ಇಂಥ ಎರಡನೆಯ ಹಾಳೆಯನ್ನು ಬರೆಯುವ ಅವಕಾಶವು ಎಷ್ಟು ಕಾಲೇಜುಗಳಲ್ಲಿದೆ? ನಮ್ಮ ರಾಜ್ಯದಲ್ಲಿ 1989ರಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗಳನ್ನು ನಿಲ್ಲಿಸಿದರು. ಹೊಡೆದಾಟಗಳು ನಡೆಯುತ್ತಿದ್ದುದು ಸುಳ್ಳಲ್ಲ. ಆದರೆ ಆ ಬಳಿಕ ಹೆಚ್ಚಿನ ಕಾಲೇಜುಗಳಲ್ಲಿ ಉಪಾಧ್ಯಾಯರು ಹೆಸರಿಸಿದವರೇ ತರಗತಿಯ ಪ್ರತಿನಿಧಿಗಳಾಗಿ, ಪ್ರತಿನಿಧಿಯ ಕೆಲಸವೆಂದರೆ ಸಮಾರಂಭಗಳಲ್ಲಿ ಹೂಗುಚ್ಛವನ್ನು ಹಿಡಿದುಕೊಂಡು ನಿಲ್ಲುವುದೆಂಬಂತಾಯಿತು. 1989ರಿಂದಲೇ ಹದಿನೆಂಟು ತುಂಬಿದವರಿಗೆ ಶಾಸನಸಭೆಗೂ ಲೋಕಸಭೆಗೂ ಪ್ರತಿನಿಧಿಗಳನ್ನು ಆರಿಸುವ ಹಕ್ಕು ಬಂದಿದೆಯೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವಿಚಿತ್ರವಾಗಿ ತೋರುತ್ತದೆ. ದೇಶದ ಸರಕಾರವನ್ನು ಆರಿಸಬಲ್ಲವಳು ಪುಸ್ತಕಾಲಯದಿಂದ ಎಷ್ಟು ಹೊತ್ತಿಗೆ ಏಳಬೇಕೆಂಬುದನ್ನು ಸೂಚಿಸಲಾರಳೆಂದಾಯಿತು.

ಮಾತಿಗೆ ಬಾಗಿಲಿಲ್ಲದ ಕಡೆ ಮಾತು ಬೀದಿಗೆ ಬರುತ್ತದೆ. 2017ರ ಸೆಪ್ಟೆಂಬರಿನಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಸಂಜೆ ನಿಲಯಕ್ಕೆ ಮರಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಮೇಲೆ ಕೈಮಾಡಿದಾಗ, ಹುಡುಗಿಯರು ಹೆಬ್ಬಾಗಿಲಿಗೆ ಬಂದು ಕುಳಿತರು. ಅವರು ಕೇಳಿದವುಗಳಲ್ಲಿ ಮುಖ್ಯವಾದುವು ಹಾದಿಗೆ ದೀಪಗಳು, ಜಾಗರೂಕರಾದ ಕಾವಲುಗಾರರು. ಎರಡನೆಯ ರಾತ್ರಿ ಅವರಿಗೆ ದೊರೆತದ್ದು ಪೊಲೀಸರ ಲಾಠಿ. ಆ ಗದ್ದಲವಾದ ಮೇಲೆ ಆ ವಿಶ್ವವಿದ್ಯಾನಿಲಯಕ್ಕೆ ಮೊಟ್ಟಮೊದಲಿಗೆ ಒಬ್ಬ ಮಹಿಳೆ ಮುಖ್ಯ ಪ್ರಾಕ್ಟರರಾಗಿ ನೇಮಕವಾದರು. 1916ರಲ್ಲಿ ಸ್ಥಾಪಿತವಾದ ಸಂಸ್ಥೆಗೆ ಈ ಯೋಚನೆ ಬರಲು ನೂರೊಂದು ವರ್ಷವೂ ಒಂದು ರಾತ್ರಿಯ ಲಾಠಿಪ್ರಹಾರವೂ ಬೇಕಾದವು.

ಪೋಷಕರಲ್ಲಿ ಒಂದು ಮಾತು. ಮೇಲ್ವಿಚಾರಕಿಯಾಗಿದ್ದಾಗ ನನ್ನ ಮೇಜಿನ ಅರೆಯಲ್ಲಿ ಬಹು ಬಲವಾದ ಆಯುಧವೊಂದಿರುತ್ತಿತ್ತು. ಅದು ನಿಮ್ಮ ಸಹಿ. ಜೂನ್ ತಿಂಗಳಲ್ಲಿ ಮಗಳನ್ನು ಸೇರಿಸುವ ದಿನ, ಟ್ರಂಕನ್ನು ಇಳಿಸುವ ಗಡಿಬಿಡಿಯಲ್ಲಿ, ‘ನಿಲಯದ ಎಲ್ಲಾ ಕಟ್ಟಳೆಗಳಿಗೆ ನಮ್ಮ ಒಪ್ಪಿಗೆಯಿದೆ’ ಎಂಬ ಕಾಗದದ ಕೆಳಗೆ ನೀವು ಓದದೆ ಹಾಕಿದ ಸಹಿ. ವರ್ಷದ ನಡುವೆ ಯಾವ ಹುಡುಗಿ ಏನನ್ನು ಕೇಳಿದರೂ, ‘ನಿಮ್ಮ ತಂದೆತಾಯಿಗಳೇ ಇದನ್ನು ಬಯಸುತ್ತಾರಮ್ಮ’ ಎಂದು ಆ ಕಾಗದವನ್ನು ಎತ್ತಿ ತೋರಿಸಬಹುದು. ಎಷ್ಟೋ ನಿಲಯಗಳಲ್ಲಿ ಹೀಗೆಯೇ ನಡೆಯುತ್ತಿರಬಹುದು. ನೀವು ನಿಜವಾಗಿ ಬಯಸಿದಿರೋ ಇಲ್ಲವೋ ನಿಮ್ಮನ್ನು ಯಾರೂ ಕೇಳಿರುವುದಿಲ್ಲ.

ಬರುವ ಜೂನಿನಲ್ಲಿ ಮಗಳನ್ನು ಕಾಲೇಜಿಗೆ ಸೇರಿಸುವವರು ಆ ಕಾಗದವನ್ನು ಒಂದು ರಾತ್ರಿ ಮನೆಗೆ ತಂದು, ಊಟವಾದ ಮೇಲೆ ಮಗಳ ಸಂಗಡ ಕುಳಿತು ಓದಬೇಕು. ಅದೇ ಕಾಲೇಜಿಗೆ ಹುಡುಗರ ನಿಲಯವಿದ್ದರೆ ಅದರ ಕಟ್ಟಳೆಗಳ ಪ್ರತಿಯನ್ನೂ ಕೇಳಿ ಪಡೆದು ಪಕ್ಕದಲ್ಲಿಟ್ಟುಕೊಳ್ಳಬೇಕು. ಎಲ್ಲಿ ಭೇದವಿದೆಯೋ ಅಲ್ಲಿ ಗುರುತು ಹಾಕಿ, ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ಕೇಳಿ, ಆ ಮೇಲೆ ಸಹಿ ಮಾಡಬೇಕು. ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿ ಈಗ ಉಪನ್ಯಾಸಕಿಯರಾಗಿ, ವಾರ್ಡನ್ನರಾಗಿ, ಆಡಳಿತ ಮಂಡಳಿಗಳ ಸದಸ್ಯರಾಗಿ ಇರುವವರು ಎಷ್ಟೋ ಮಂದಿ. ಅವರ ಮೇಜಿನ ಮೇಲೆ ಇಂಥ ಅರ್ಜಿಯೊಂದು ಬಂದರೆ, ತಾರೀಖು ಹಾಕಿ ಸ್ವೀಕರಿಸಿ, ಎರಡನೆಯ ಹಾಳೆಯನ್ನು ಬರೆಸಿಕೊಂಡು, ಹದಿನೈದು ದಿನಗಳೊಳಗೆ ಆಗುತ್ತದೆಂದೋ ಆಗುವುದಿಲ್ಲವೆಂದೋ ಕಾರಣಸಹಿತವಾಗಿ ಉತ್ತರವನ್ನು ಬರೆದು ಕೊಡಬೇಕೆಂದು ನನ್ನ ಕೋರಿಕೆ. ಕಡೆಯ ಬಸ್ಸಿನ ವೇಳೆಯನ್ನು ಅಡಿಗೆಯಾಕೆಯಿಂದ ಮೊದಲೇ ಕೇಳಿ ತಿಳಿದುಕೊಂಡಿದ್ದರೆ ಕೆಲಸವು ಇನ್ನೂ ಬೇಗ ಮುಗಿದೀತು.